‘ಚರ್ಚ್’ ಎಂಬ ಪದವೂ ನಮ್ಮ ಸಭೆಯೂ

ಭಾನುವಾರದ ಆರಾಧನೆಯಲ್ಲಿ ಓದಲಾಗುವ ಪ್ರಕಟಣೆಗಳನ್ನು ಗಮನವಿಟ್ಟು ಕೇಳುವವರಿಗೆ ಒಂದು ಸಂಗತಿ ತಿಳಿಯದೆ ಇರದು. ‘ಮುಂದಿನ ವಾರ ಚರ್ಚಿಗೆ ಬಣ್ಣ ಬಳಿಸುವ ಕೆಲಸ ಆರಂಭವಾಗುವುದು.’ ‘ಚರ್ಚ್ ಮುಗಿದ ಮೇಲೆ ಸ್ತ್ರೀಯರ ಕೂಟ ನಡೆಯುವುದು.’ ‘ಈ ವಿಷಯದಲ್ಲಿ ಚರ್ಚ್ ಈಗಾಗಲೇ ತೀರ್ಮಾನ ಕೈಗೊಂಡಿದೆ.’ ಇದೇ ಆರಾಧನೆಯ ಪ್ರಸಂಗದಲ್ಲಿ ಸಭಾಪಾಲಕರು ‘ಚರ್ಚ್ ಕ್ರಿಸ್ತನ ದೇಹವಾಗಿದೆ’ ಎಂದು ಬೋಧಿಸಿರುತ್ತಾರೆ. ಮೊದಲನೆಯ ವಾಕ್ಯದ ಚರ್ಚ್ ಗೋಡೆ ಮತ್ತು ಮಾಡು. ಎರಡನೆಯದು ಒಂದೂವರೆ ಗಂಟೆಯ ಆರಾಧನಾ ಕ್ರಮ. ಮೂರನೆಯದು ಒಂದು ಕೋಣೆಯಲ್ಲಿ ಕೂತ ಕೆಲವೇ ಮಂದಿ. ನಾಲ್ಕನೆಯದು ಪೌಲನು ಮರ್ಮವೆಂದು ಕರೆದ ಸತ್ಯ.

ಕೇಳುವವರು ಗೊಂದಲಕ್ಕೀಡಾಗುವುದಿಲ್ಲ. ದೇಹಕ್ಕೆ ಬಣ್ಣ ಬಳಿಯುತ್ತಾರೆಂದು ಯಾರೂ ಭಾವಿಸುವುದಿಲ್ಲ. ಪದವೊಂದಕ್ಕೆ ಹಲವು ಅರ್ಥಗಳಿರುವುದು ಭಾಷೆಯ ಸಹಜ ಗುಣವೇ ಹೊರತು ದೋಷವಲ್ಲ. ಆದರೆ ಮೂರನೆಯ ಮತ್ತು ನಾಲ್ಕನೆಯ ಅರ್ಥಗಳ ನಡುವೆ ಒಂದು ಜಾರುಹಾದಿ ಇದೆ. ಕೆಲವೇ ಮಂದಿಯ ತೀರ್ಮಾನವು ಕ್ರಿಸ್ತನ ದೇಹದ ಗೌರವವನ್ನು ಹೊದ್ದು ಹೊರಬರುವುದು ಈ ಹಾದಿಯಲ್ಲಿಯೇ. ಭಾರತೀಯ ನ್ಯಾಯಶಾಸ್ತ್ರವು ಒಂದು ಪದದ ಎರಡು ಅರ್ಥಗಳ ನಡುವೆ ಜಾರಿಕೊಂಡು ವಾದವನ್ನು ಗೆಲ್ಲುವ ಕ್ರಮವನ್ನು ‘ವಾಕ್ಛಲ’ ಎಂದು ಕರೆದು ದೋಷಗಳ ಸಾಲಿಗೆ ಸೇರಿಸಿದೆ. ‘ನವಕಂಬಲ’ ಎಂದರೆ ಹೊಸ ಕಂಬಳಿಯೋ ಒಂಬತ್ತು ಕಂಬಳಿಯೋ ಎಂಬುದು ಅದರ ಪ್ರಸಿದ್ಧ ಉದಾಹರಣೆ. ನ್ಯಾಯಶಾಸ್ತ್ರದ ಛಲವಾದಿಗೆ ತಾನು ಮಾಡುತ್ತಿರುವುದೇನೆಂಬುದು ಗೊತ್ತಿರುತ್ತದೆ. ‘ಚರ್ಚ್’ ಎನ್ನುವ ನಮಗೆ ಬಹುಮಟ್ಟಿಗೆ ಗೊತ್ತಿರುವುದಿಲ್ಲ. ಇಂಗ್ಲಿಷ್ ಪದವು ತನ್ನ ಭಾಷೆಯ ಚರಿತ್ರೆಯಲ್ಲಿ ಗಳಿಸಿಕೊಂಡ ಅರ್ಥಗಳ ಗಂಟನ್ನು ನಾವು ಪದದೊಂದಿಗೆ ಕನ್ನಡಕ್ಕೆ ತಂದುಕೊಂಡಿದ್ದೇವೆ ಎಂಬುದೂ, ಆ ಗಂಟನ್ನು ಬಿಚ್ಚಿ ನೋಡುವುದು ಪಾಲನಾ ಸೇವೆಯ ಕರ್ತವ್ಯವೇ ಎಂಬುದೂ ಈ ಲೇಖನದ ವಾದ.

ಎರಡು ಬೇರುಗಳು

ಇಂಗ್ಲಿಷಿನ ‘ಚರ್ಚ್’, ಸ್ಕಾಟ್ಲೆಂಡಿನ ‘ಕರ್ಕ್’, ಜರ್ಮನ್ನಿನ ‘ಕಿರ್ಖೆ’ ಇವು ಒಂದೇ ಬೇರಿನ ಪದಗಳು. ‘ಕರ್ತನಿಗೆ ಸೇರಿದ್ದು’ ಎಂಬ ಅರ್ಥದ ‘ಕುರಿಯಾಕೋನ್’ ಎಂಬ ಗ್ರೀಕ್ ಪದದಿಂದ ಇವು ಬಂದವು. ನಾಲ್ಕನೆಯ ಶತಮಾನದ ಆರಂಭದ ಹೊತ್ತಿಗೆ ಗ್ರೀಕ್ ಮಾತಾಡುವ ಕ್ರೈಸ್ತರು ಆರಾಧನೆಯ ಮನೆಯನ್ನು ಈ ಹೆಸರಿನಿಂದ ಕರೆಯುತ್ತಿದ್ದರು. ಹೊಸ ಒಡಂಬಡಿಕೆಯಲ್ಲಿಯಾದರೋ ಈ ವಿಶೇಷಣವು ಎರಡೇ ಬಾರಿ ಕಾಣಿಸುತ್ತದೆ. 1 ಕೊರಿಂಥ 11:20ರಲ್ಲಿ ಅದು ಕರ್ತನ ಭೋಜನಕ್ಕೆ ಸಂಬಂಧಿಸಿದೆ. ಪ್ರಕಟನೆ 1:10ರಲ್ಲಿ ಕರ್ತನ ದಿನಕ್ಕೆ ಸಂಬಂಧಿಸಿದೆ. ಊಟವೊಂದು, ದಿನವೊಂದು ಕರ್ತನಿಗೆ ಸೇರಿದ್ದೆಂದು ಅಪೊಸ್ತಲರ ಕಾಲದವರು ಬರೆದರು. ಕಟ್ಟಡವನ್ನು ಹಾಗೆ ಕರೆದುದು ಹೊಸ ಒಡಂಬಡಿಕೆಯಲ್ಲಿ ಎಲ್ಲಿಯೂ ಇಲ್ಲ.

ಇಂಗ್ಲಿಷ್ ಬೈಬಲ್ಲಿನಲ್ಲಿ ‘ಚರ್ಚ್’ ಎಂದು ಅನುವಾದಗೊಂಡ ಪದ ಬೇರೆಯೇ. ಅದು ‘ಎಕ್ಲೇಸಿಯ’. ಹೊಸ ಒಡಂಬಡಿಕೆಯಲ್ಲಿ 114 ಬಾರಿ ಬರುವ ಈ ಪದವು ಅಥೆನ್ಸಿನಂಥ ಗ್ರೀಕ್ ಪಟ್ಟಣಗಳಲ್ಲಿ ನಾಗರಿಕರು ಕೂಡಿಬರುತ್ತಿದ್ದ ಸಭೆಯ ಹೆಸರಾಗಿತ್ತು. ಹಳೆಯ ಒಡಂಬಡಿಕೆಯನ್ನು ಗ್ರೀಕಿಗೆ ತಂದವರು ಇಸ್ರಾಯೇಲ್ಯರ ಸಮೂಹವನ್ನು ಸೂಚಿಸುವ ‘ಕಾಹಾಲ್’ ಎಂಬ ಹೀಬ್ರೂ ಪದಕ್ಕೆ ಅನೇಕ ಕಡೆಗಳಲ್ಲಿ ಇದನ್ನೇ ಬಳಸಿದರು. ಫ್ರೆಂಚಿನ ‘ಎಗ್ಲೀಜ್’, ಸ್ಪ್ಯಾನಿಷಿನ ‘ಇಗ್ಲೇಸಿಯ’, ಪೋರ್ಚುಗೀಸಿನ ‘ಇಗ್ರೇಜ’ ಇದರ ಸಂತಾನ. ಪೋರ್ಚುಗೀಸಿನಿಂದ ಕೊಂಕಣಿಗೂ, ಅಲ್ಲಿಂದ ನಮ್ಮ ಕರಾವಳಿಯ ಕನ್ನಡಕ್ಕೂ ‘ಇಗರ್ಜಿ’ ಬಂದಿತು.

ಇಲ್ಲಿ ಒಂದು ವಿಪರ್ಯಾಸವಿದೆ. ಜನಸಮೂಹವೆಂಬ ಬೇರಿನಿಂದ ಹುಟ್ಟಿದ ‘ಇಗರ್ಜಿ’ ಇಂದು ಕರಾವಳಿಯಲ್ಲಿ ಕಟ್ಟಡದ ಹೆಸರಾಗಿದೆ. ಕರ್ತನ ಮನೆಯೆಂಬ ಬೇರಿನಿಂದ ಹುಟ್ಟಿದ ‘ಚರ್ಚ್’ ದೇವಜನರ ಹೆಸರಾಗಿದೆ. ಬೇರು ಅರ್ಥವನ್ನು ಕಾಯುವುದಿಲ್ಲ. ಬಳಕೆ ಕಾಯುತ್ತದೆ, ಇಲ್ಲವೆ ಕೆಡಿಸುತ್ತದೆ. ಆದ್ದರಿಂದ ‘ಎಕ್ಲೇಸಿಯ ಎಂದರೆ ಲೋಕದಿಂದ ಹೊರಕ್ಕೆ ಕರೆಯಲ್ಪಟ್ಟವರು’ ಎಂದು ಪದವನ್ನು ಒಡೆದು ತೋರಿಸುವ ಪ್ರಸಂಗಪದ್ಧತಿಯನ್ನು ನಾವು ಒಪ್ಪಲಾರೆವು. ಹೊರಕ್ಕೆ ಕರೆಯುವುದು ಎಂಬ ಧಾತು ಅದರಲ್ಲಿದೆ, ನಿಜ. ಆದರೆ ಮೊದಲ ಶತಮಾನದ ಓದುಗನ ಕಿವಿಗೆ ಅದು ಸಭೆ ಎಂದಷ್ಟೇ ಕೇಳಿಸುತ್ತಿತ್ತು.

ಎಫೆಸದ ರಂಗಮಂದಿರ

ಇದಕ್ಕೆ ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯವೇ ಸಾಕ್ಷಿ. ಬೆಳ್ಳಿಯ ಕೆಲಸದ ದೇಮೇತ್ರಿಯನು ತನ್ನ ಕಸುಬಿನವರನ್ನು ಕೆರಳಿಸುತ್ತಾನೆ. ಪಟ್ಟಣವೆಲ್ಲಾ ಗಲಭೆಯಿಂದ ತುಂಬಿ ಜನರು ರಂಗಮಂದಿರಕ್ಕೆ ನುಗ್ಗುತ್ತಾರೆ. ಒಬ್ಬನು ಒಂದು ಕೂಗಿದರೆ ಮತ್ತೊಬ್ಬನು ಮತ್ತೊಂದು. ತಾವು ಬಂದದ್ದು ಏತಕ್ಕೆಂಬುದೇ ಹೆಚ್ಚಿನವರಿಗೆ ತಿಳಿಯದು. ಲೂಕನು ಈ ಗುಂಪನ್ನು ‘ಎಕ್ಲೇಸಿಯ’ ಎಂದು ಕರೆಯುತ್ತಾನೆ. ಪಟ್ಟಣದ ಲೇಖಕನು ಜನರನ್ನು ಶಾಂತಪಡಿಸಿ, ತಕರಾರಿದ್ದರೆ ಕ್ರಮಬದ್ಧವಾದ ಸಭೆಯಲ್ಲಿ ಅದು ಇತ್ಯರ್ಥವಾಗಲಿ ಎನ್ನುತ್ತಾನೆ. ಅದಕ್ಕೂ ಅದೇ ಪದ. ಕೊನೆಯಲ್ಲಿ ಅವನು ಚದರಿಸಿ ಕಳುಹಿಸುವುದೂ ಎಕ್ಲೇಸಿಯವನ್ನೇ. ಇವರಾರೂ ಲೋಕದಿಂದ ಹೊರಕ್ಕೆ ಕರೆಯಲ್ಪಟ್ಟವರಲ್ಲ.

1961ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಜೇಮ್ಸ್ ಬಾರ್ ಎಂಬ ವಿದ್ವಾಂಸರು ಬೈಬಲ್ ಪದಾರ್ಥವಿಚಾರದ ಇಂಥ ತಪ್ಪುಗಳನ್ನು ವಿಶದವಾಗಿ ತೋರಿಸಿದರು. ಅವುಗಳಲ್ಲಿ ಒಂದಕ್ಕೆ ಅವರು ಕೊಟ್ಟ ಉದಾಹರಣೆ ಎಕ್ಲೇಸಿಯವೇ. ಒಂದು ವಚನದಲ್ಲಿ ಸಭೆಯು ಕ್ರಿಸ್ತನ ದೇಹವೆಂದಿದೆ, ಇನ್ನೊಂದರಲ್ಲಿ ಮದಲಗಿತ್ತಿಯ ಚಿತ್ರವಿದೆ, ಮತ್ತೊಂದನ್ನು ದೇವರ ರಾಜ್ಯದ ಮುನ್ಸೂಚನೆಯಾಗಿ ಓದಬಹುದು. ಇವೆಲ್ಲವೂ ಸರಿಯೇ. ಆದರೆ ಇವೆಲ್ಲವನ್ನೂ ಕೂಡಿಸಿ ಮೊತ್ತ ಮಾಡಿ, ಆ ಮೊತ್ತವನ್ನು ಪದ ಬಂದ ಪ್ರತಿಯೊಂದು ವಚನಕ್ಕೂ ಹೊರಿಸುವುದು ಸರಿಯಲ್ಲ ಎಂಬುದು ಬಾರ್ ಅವರ ಮಾತಿನ ಸಾರ. ಈ ಎಚ್ಚರಿಕೆ ವ್ಯಾಖ್ಯಾನಕಾರರಿಗಷ್ಟೇ ಮೀಸಲಲ್ಲ. ‘ಚರ್ಚ್ ತೀರ್ಮಾನಿಸಿದೆ’ ಎಂಬ ಪ್ರಕಟಣೆಯೊಳಗೆ ಎಫೆಸ ಪತ್ರಿಕೆಯ ಐದನೆಯ ಅಧ್ಯಾಯದ ಮಹಿಮೆಯೆಲ್ಲ ಮೌನವಾಗಿ ನುಸುಳುವಾಗ ನಡೆಯುವುದೂ ಇಂಥ ಮೊತ್ತದ ಹೇರಿಕೆಯೇ.

ಟಿಂಡೇಲ್ ಮತ್ತು ಮೋರ್

ಇಂಗ್ಲಿಷಿನವರೇ ಈ ಪದಕ್ಕಾಗಿ ಹೋರಾಡಿದ್ದರು. 1526ರಲ್ಲಿ ಮುದ್ರಣಗೊಂಡ ತನ್ನ ಹೊಸ ಒಡಂಬಡಿಕೆಯಲ್ಲಿ ವಿಲಿಯಂ ಟಿಂಡೇಲನು ಎಕ್ಲೇಸಿಯಕ್ಕೆ ‘ಚರ್ಚ್’ ಎನ್ನದೆ ‘ಕಾಂಗ್ರಿಗೇಷನ್’ ಎಂದು ಬರೆದನು. 1529ರಲ್ಲಿ ಸರ್ ಥಾಮಸ್ ಮೋರನು ಇದನ್ನು ತೀವ್ರವಾಗಿ ಖಂಡಿಸಿದನು. 1531ರಲ್ಲಿ ಟಿಂಡೇಲನು ಕೊಟ್ಟ ಪ್ರತ್ಯುತ್ತರ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಏಕೆಂದರೆ ಅದರ ಆರಂಭದಲ್ಲಿಯೇ ಅವನು ‘ಚರ್ಚ್’ ಎಂಬ ಪದದ ಬೇರೆ ಬೇರೆ ಅರ್ಥಗಳನ್ನು ಎಣಿಸುತ್ತಾನೆ. ಅದು ಜನರು ವಾಕ್ಯವನ್ನು ಕೇಳಲು ಕೂಡಿಬರುತ್ತಿದ್ದ ಮನೆ. ಅದು, ಜನಬಳಕೆಯಲ್ಲಿ, ತಲೆ ಬೋಳಿಸಿ ಎಣ್ಣೆಯ ಅಭಿಷೇಕ ಹೊಂದಿದ ಯಾಜಕವರ್ಗ. ಅದು ಕ್ರಿಸ್ತನ ಹೆಸರನ್ನು ಹೊತ್ತ ಸಕಲ ಜನರ ಸಮೂಹ. ಈ ಮೂರನೆಯ ಅರ್ಥವು ಎರಡನೆಯದರ ಕೆಳಗೆ ಹೂತುಹೋಗಿದೆಯೆಂಬುದೇ ಅವನ ಆಪಾದನೆ. ಚರ್ಚಿಗೆ ವಿಧೇಯರಾಗಿರಿ ಎಂದರೆ ಯಾಜಕರಿಗೆ ವಿಧೇಯರಾಗಿರಿ ಎಂದು ಜನರು ತಿಳಿಯುವಂತಾಗಿದೆ. ಆದುದರಿಂದ ಪದವನ್ನೇ ಬದಲಿಸಬೇಕಾಯಿತು ಎಂದು ಅವನು ವಾದಿಸಿದನು. ಮೋರನ ಆಪ್ತಮಿತ್ರ ಎರಾಸ್ಮಸನೂ ತನ್ನ ಲ್ಯಾಟಿನ್ ಅನುವಾದದಲ್ಲಿ ಕೆಲವೆಡೆ ಇದನ್ನೇ ಮಾಡಿದ್ದನಲ್ಲವೇ ಎಂದು ಚುಚ್ಚಿದನು.

ಮೋರನ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಚರ್ಚ್ ಒಂದು ಸಮೂಹವೇ ಆದರೂ ಎಲ್ಲ ಸಮೂಹವೂ ಚರ್ಚ್ ಅಲ್ಲ. ಪದದ ಅರ್ಥವನ್ನು ನಿರ್ಣಯಿಸುವುದು ಜನರ ದೀರ್ಘಕಾಲದ ಬಳಕೆ. ಅನುವಾದಕನೊಬ್ಬನು ತನ್ನ ಇಚ್ಛೆಯಂತೆ ಆ ಬಳಕೆಯನ್ನು ಕಡಿದುಹಾಕಿದರೆ ಅವನು ಪದದೊಂದಿಗೆ ಪರಂಪರೆಯನ್ನೂ ಕಡಿದಂತೆ ಎಂದು ಅವನ ನಿಲುವು. ಬಳಕೆಯ ವಿಷಯದಲ್ಲಿ ಮೋರನ ಮಾತು ಸರಿಯೆಂದು ನಾವು ಒಪ್ಪಬೇಕು. ಕಾಲವೂ ಅದನ್ನು ತೋರಿಸಿತು. ಟಿಂಡೇಲನು ದೇವಜನರ ಘನತೆಯನ್ನು ಕಾಪಾಡಲು ಆರಿಸಿಕೊಂಡ ‘ಕಾಂಗ್ರಿಗೇಷನ್’ ಇಂದು ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಬೆಂಚುಗಳಲ್ಲಿ ಕೂತು ಕೇಳುವವರ ಹೆಸರಾಗಿದೆ. ಪದವನ್ನು ಬದಲಿಸಿದ ಮಾತ್ರಕ್ಕೆ ಅಧಿಕಾರದ ಸ್ವಭಾವ ಬದಲಾಗುವುದಿಲ್ಲ.

ಈ ಇಬ್ಬರ ಅಂತ್ಯವನ್ನೂ ನಾವು ಮರೆಯಬಾರದು. 1534ರಲ್ಲಿ ಇಂಗ್ಲೆಂಡಿನ ಸಂಸತ್ತು ಅರಸನನ್ನು ಇಂಗ್ಲೆಂಡಿನ ಚರ್ಚಿನ ಪರಮ ಶಿರಸ್ಸೆಂದು ವಿಧಿಸಿತು. ಹೀಗೆ ಅದೇ ಪದಕ್ಕೆ ರಾಜ್ಯದ ಒಂದು ಅಂಗವೆಂಬ ಇನ್ನೊಂದು ಅರ್ಥ ಬಲವಾಗಿ ಅಂಟಿಕೊಂಡಿತು. ಆ ಅರ್ಥವನ್ನು ಒಪ್ಪದ ಮೋರನು 1535ರಲ್ಲಿ ಶಿರಚ್ಛೇದಕ್ಕೊಳಗಾದನು. 1536ರಲ್ಲಿ ಬ್ರಸೆಲ್ಸಿನ ಬಳಿಯ ವಿಲ್ವೋರ್ಡಿನಲ್ಲಿ ಟಿಂಡೇಲನನ್ನು ಕತ್ತು ಹಿಸುಕಿ ಕೊಂದು ಸುಟ್ಟರು. ‘ಚರ್ಚ್’ ಎಂದರೆ ಯಾರು ಎಂಬ ಪ್ರಶ್ನೆಗೆ ಪರಸ್ಪರ ವಿರುದ್ಧವಾದ ಉತ್ತರಗಳನ್ನು ಕೊಟ್ಟ ಇಬ್ಬರೂ ಅದಕ್ಕಾಗಿ ಪ್ರಾಣ ತೆತ್ತರು.

ಅನಂತರದ ಕಥೆ ಚಿಕ್ಕದು. 1539ರ ‘ಗ್ರೇಟ್ ಬೈಬಲ್’ ಟಿಂಡೇಲನ ಪದವನ್ನು ಉಳಿಸಿಕೊಂಡಿತು. 1560ರ ಜಿನೀವಾ ಬೈಬಲ್ ‘ಚರ್ಚ್’ ಪದಕ್ಕೆ ಮರಳಿತು. ಒಂದನೆಯ ಜೇಮ್ಸ್ ಅರಸನ ಅನುವಾದಕರಿಗೆ ಕೊಡಲಾದ ಹದಿನೈದು ನಿಯಮಗಳಲ್ಲಿ ಮೂರನೆಯದು, ಹಳೆಯ ಧಾರ್ಮಿಕ ಪದಗಳನ್ನು ಉಳಿಸಿಕೊಳ್ಳಬೇಕು, ‘ಚರ್ಚ್’ ಎಂಬುದನ್ನು ‘ಕಾಂಗ್ರಿಗೇಷನ್’ ಎಂದು ಬದಲಿಸಬಾರದು ಎಂದು ವಿಧಿಸಿತು. ಭಾಷಾಂತರ ಇನ್ನೂ ಆರಂಭವಾಗುವ ಮೊದಲೇ ಈ ಒಂದು ಪದದ ತೀರ್ಪು ಮುಗಿದಿತ್ತು. ಫಲವೇನೆಂದರೆ 1611ರ ಬೈಬಲ್ಲಿನಲ್ಲಿ ಅದೇ ಎಫೆಸದ ಅಧ್ಯಾಯವನ್ನು ಓದುವವನಿಗೆ ಎಕ್ಲೇಸಿಯ ಮೂರೂ ಕಡೆ ‘ಅಸೆಂಬ್ಲಿ’ ಎಂದು ಸಿಗುತ್ತದೆ. ಆದರೆ 37ನೆಯ ವಚನದಲ್ಲಿ ದೇವಸ್ಥಾನವನ್ನು ದೋಚುವವರು ಎಂಬ ಅರ್ಥದ ಪದಕ್ಕೆ ‘ಚರ್ಚುಗಳನ್ನು ದೋಚುವವರು’ ಎಂಬ ಅನುವಾದ ಸಿಗುತ್ತದೆ. ಎಕ್ಲೇಸಿಯ ಇದ್ದಲ್ಲಿ ಚರ್ಚ್ ಇಲ್ಲ. ಎಕ್ಲೇಸಿಯ ಇಲ್ಲದಲ್ಲಿ, ಅದೂ ಅನ್ಯದೇವತೆಯ ಗುಡಿಗೆ, ಚರ್ಚ್ ಎಂಬ ಹೆಸರು! ಕಟ್ಟಡವೆಂಬ ಅರ್ಥ ಆ ಪದದಲ್ಲಿ ಎಷ್ಟು ಆಳವಾಗಿ ನೆಲೆಸಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಕೊರಿಂಥದ ಪಂಕ್ತಿ

ಈ ಅರ್ಥಸಂಕರದಿಂದ ಓದಿಗೆ ಆಗುವ ಹಾನಿಯನ್ನು 1 ಕೊರಿಂಥ 11ರಲ್ಲಿ ಕಾಣಬಹುದು. 18ನೆಯ ವಚನದಲ್ಲಿ ಪೌಲನು ಎಕ್ಲೇಸಿಯವಾಗಿ ಕೂಡಿಬರುವುದರ ಕುರಿತು ಮಾತಾಡುತ್ತಾನೆ. ‘ಸಭೆಗೂಡು’ ಎಂಬ ಕನ್ನಡದ ಕ್ರಿಯಾಪದ ಇದನ್ನು ಅಚ್ಚುಕಟ್ಟಾಗಿ ಹೇಳುತ್ತದೆ. 1611ರ ಇಂಗ್ಲಿಷಿನಲ್ಲಾದರೆ ಅದು ‘ಚರ್ಚಿನಲ್ಲಿ’ ಕೂಡಿಬರುವುದಾಗಿದೆ. ಓದುಗನ ಕಣ್ಣೆದುರಿಗೆ ಒಂದು ಕಟ್ಟಡ ಎದ್ದು ನಿಲ್ಲುತ್ತದೆ. 22ನೆಯ ವಚನದಲ್ಲಿ, ಉಂಡು ಕುಡಿಯಲು ನಿಮಗೆ ಮನೆಗಳಿಲ್ಲವೋ ಎಂದು ಕೇಳಿದ ಅಪೊಸ್ತಲನು, ದೇವರ ಎಕ್ಲೇಸಿಯವನ್ನು ತಿರಸ್ಕರಿಸುತ್ತೀರೋ ಎಂದು ಪ್ರಶ್ನಿಸುತ್ತಾನೆ. ಕಟ್ಟಡವನ್ನು ಮನಸ್ಸಿನಲ್ಲಿಟ್ಟುಕೊಂಡವನು ಇದನ್ನು ಹೇಗೆ ಓದುತ್ತಾನೆ? ಊಟ ಮನೆಯಲ್ಲಿ, ಆರಾಧನೆ ಚರ್ಚಿನಲ್ಲಿ. ಪವಿತ್ರವಾದ ಸ್ಥಳದಲ್ಲಿ ತಿನ್ನಬೇಡಿ ಎಂದು ಓದುತ್ತಾನೆ. ಹಾಗೆ ಓದಿ, ಆರಾಧನಾಮಂದಿರದಲ್ಲಿ ಊಟ ಬಡಿಸುವುದೇ ಪಾಪವೆಂದು ತೀರ್ಮಾನಿಸಿದ ಗುಂಪುಗಳು ಪಶ್ಚಿಮದಲ್ಲಿ ಇವೆ.

ಪೌಲನ ಮಾತು ಮುಂದುವರಿದು ತನ್ನನ್ನು ತಾನೇ ವಿವರಿಸಿಕೊಳ್ಳುತ್ತದೆ. ಸಭೆಯನ್ನು ತಿರಸ್ಕರಿಸುವುದೆಂದರೆ ಇಲ್ಲದವರನ್ನು ನಾಚಿಕೆಪಡಿಸುವುದು. ಮೊದಲೇ ಬಂದ ಅನುಕೂಲಸ್ಥರು ತಮ್ಮ ತಮ್ಮ ಊಟವನ್ನು ಮುಗಿಸಿಬಿಟ್ಟಿದ್ದಾರೆ. ದಿನವೆಲ್ಲ ದುಡಿದು ತಡವಾಗಿ ಬಂದವರು ಹಸಿದು ಕೂತಿದ್ದಾರೆ. ಪಂಕ್ತಿಭೇದದ ನೋವನ್ನು ಬಲ್ಲ ನಾಡಿನವರಾದ ನಮಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವಮಾನಕ್ಕೊಳಗಾದದ್ದು ಕಟ್ಟಡವಲ್ಲ, ಹಸಿದ ಮನುಷ್ಯ. ಅವನ ಅವಮಾನವೇ ದೇವರ ಸಭೆಯ ಅವಮಾನ. ಮತ್ತು ಈ ಎರಡು ವಚನಗಳ ನಡುವೆಯೇ, 20ನೆಯ ವಚನದಲ್ಲಿ, ‘ಕರ್ತನಿಗೆ ಸೇರಿದ’ ಎಂಬ ಆ ಇನ್ನೊಂದು ಪದವಿದೆ. ಇಂಗ್ಲಿಷ್ ‘ಚರ್ಚ್’ ಎಂಬುದರ ಹುಟ್ಟಿನ ಪದವೂ ಅದು ಅನುವಾದಿಸುವ ಪದವೂ ಸತ್ಯವೇದದಲ್ಲಿ ಹೀಗೆ ಅಕ್ಕಪಕ್ಕದಲ್ಲಿ ಬರುವಾಗ ಅಪೊಸ್ತಲನು ಹೇಳುವುದಿಷ್ಟು: ಬಡವನನ್ನು ಹೊರಗಿಟ್ಟ ಊಟ ಕರ್ತನಿಗೆ ಸೇರಿದ್ದಲ್ಲ.

ಕನ್ನಡದ ‘ಸಭೆ’

1810ರಿಂದ ಬಳ್ಳಾರಿಯಲ್ಲಿ ದುಡಿದು ಸತ್ಯವೇದವನ್ನು ಕನ್ನಡಕ್ಕೆ ತಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರ ಹಿನ್ನೆಲೆಯಲ್ಲಿ, ಸ್ಥಳೀಯ ಭಕ್ತಸಮೂಹವೇ ಪೂರ್ಣವಾದ ಚರ್ಚ್ ಎಂದು ನಂಬುವ ಕಾಂಗ್ರಿಗೇಷನಲ್ ಪರಂಪರೆಯ ಪ್ರಭಾವವಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಭಾಷೆಯಲ್ಲಿ ‘ಕಿರ್ಖೆ’ಯಲ್ಲದೆ ‘ಗೆಮೈಂಡೆ’ ಎಂಬ ಇನ್ನೊಂದು ಪದವೂ ಇತ್ತು. ‘ಕಿರ್ಖೆ’ ಕುರುಡಾದ, ಸ್ಪಷ್ಟವಲ್ಲದ ಪದವೆಂದು ಲೂಥರನು ದೂರಿದ್ದನು. ತನ್ನ ಅನುವಾದದಲ್ಲಿ ಅವನು ‘ಗೆಮೈಂಡೆ’ಯ ದಾರಿಯನ್ನೇ ಹಿಡಿದನು. ಇಂಥ ಎರಡು ಹಿನ್ನೆಲೆಗಳಿಂದ ಬಂದವರ ಕೈಯಲ್ಲಿ ಕನ್ನಡ ಕ್ರೈಸ್ತರಿಗೆ ‘ಸಭೆ’ ದೊರೆಯಿತು. ಕಟ್ಟಡಕ್ಕೆ ‘ದೇವಾಲಯ’ ಇತ್ತು, ಕರಾವಳಿಯಲ್ಲಿ ‘ಇಗರ್ಜಿ’ ಇತ್ತು. ಆರಾಧನೆಗೆ ‘ಆರಾಧನೆ’ ಇತ್ತು. ಆಡಳಿತಕ್ಕೆ ‘ಹಿರಿಯರು’ ಇದ್ದರು. ಕಥೋಲಿಕ ಸಹೋದರರು ‘ಧರ್ಮಸಭೆ’ ಎಂದು ಬೇರ್ಪಡಿಸಿಕೊಂಡರು. ಟಿಂಡೇಲನು ಪ್ರಾಣ ಕೊಟ್ಟರೂ ಇಂಗ್ಲಿಷಿನಲ್ಲಿ ನೆಲೆಗೊಳಿಸಲಾಗದ ವಿಂಗಡಣೆ ಕನ್ನಡದಲ್ಲಿ ಮೊದಲಿನಿಂದಲೇ ಇತ್ತು.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ಇದರ ಬೆಲೆ ಕಾಣಿಸಿತು. ಕೂಡಿಬಂದ ಆಂಗ್ಲಿಕನ್ನರಿಗೆ ‘ಚರ್ಚ್’ ಎಂದರೆ ಬಿಷಪರ ಮೂಲಕ ಒಂದಾದ ಸಮೂಹ. ಕಾಂಗ್ರಿಗೇಷನಲ್ ಪರಂಪರೆಯವರಿಗೆ ಒಂದು ಊರಿನ ಭಕ್ತರು. ಪ್ರೆಸ್ಬಿಟೇರಿಯನ್ನರಿಗೆ ಹಿರಿಯರ ಮಂಡಲಿಗಳಿಂದ ಆಳಲ್ಪಡುವ ಜನ. ಮಾತುಕತೆಗಳು ದಶಕಗಳ ಕಾಲ ನಡೆದುದಕ್ಕೆ ಒಂದೇ ಇಂಗ್ಲಿಷ್ ಪದದ ಈ ಹಲವು ಅರ್ಥಗಳೂ ಕಾರಣ. ಕೊನೆಗೆ ಬಿಷಪರೂ ಹಿರಿಯರೂ ಸ್ಥಳೀಯ ಸಭೆಯೂ ತಮ್ಮ ತಮ್ಮ ಸ್ಥಾನದಲ್ಲಿ ಉಳಿಯುವ ಸಂವಿಧಾನವೊಂದು ರೂಪುಗೊಂಡಿತು. ಅರ್ಥಗಳನ್ನು ಬೇರ್ಪಡಿಸಿ ನೋಡಿದ್ದರಿಂದಲೇ ಅದು ಸಾಧ್ಯವಾಯಿತು.

ಆದರೆ ‘ಸಭೆ’ಯನ್ನು ನಾವು ನಿಷ್ಕಳಂಕ ಪದವೆಂದು ಹೊಗಳಲಾರೆವು. ಸಂಸ್ಕೃತದಲ್ಲಿ ಅದಕ್ಕೆ ಜನಸಮೂಹವೆಂಬಂತೆ ಮಂದಿರವೆಂಬ ಅರ್ಥವೂ ಇದೆ. ಮಹಾಭಾರತದ ಸಭಾಪರ್ವದ ಹೆಸರಿನಲ್ಲಿಯೇ ಎರಡೂ ಇವೆ. ಮಯನು ಪಾಂಡವರಿಗೆ ಕಟ್ಟಿಕೊಟ್ಟ ಸಭೆ ಕಟ್ಟಡ. ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಭ್ರಮಿಸಿ ದುರ್ಯೋಧನನು ಬಿದ್ದದ್ದು ಅಲ್ಲಿ. ದ್ರೌಪದಿಯು ಪ್ರಶ್ನೆ ಕೇಳಿದ ಸಭೆ ಜನರದು. ಆ ಸಭೆಯಲ್ಲಿ ಭೀಷ್ಮನಿದ್ದನು, ದ್ರೋಣನಿದ್ದನು, ವಯಸ್ಸಿನಲ್ಲಿಯೂ ವಿದ್ಯೆಯಲ್ಲಿಯೂ ಹಿರಿಯರಾದವರೆಲ್ಲ ಇದ್ದರು. ವಿದುರನೂ ವಿಕರ್ಣನೂ ಎದ್ದು ಮಾತಾಡಿದರು. ಆದರೂ ಅವಳ ಪ್ರಶ್ನೆಗೆ ಸಭೆಯಿಂದ ತೀರ್ಪು ಬರಲಿಲ್ಲ. ಅನ್ಯಾಯಕ್ಕೊಳಗಾದವಳು ಸಭೆಯನ್ನು ಕೇಳುತ್ತಾಳೆ, ಸಭೆ ಸುಮ್ಮನಿರುತ್ತದೆ ಎಂಬ ಈ ಚಿತ್ರ ಕನ್ನಡಿಗರ ನೆನಪಿನಲ್ಲಿ ಕುಮಾರವ್ಯಾಸನ ಕಾಲದಿಂದ ಆಳವಾಗಿ ಉಳಿದಿದೆ. ‘ಸಭೆ’ ಎಂಬ ಪದವನ್ನು ಆರಿಸಿಕೊಂಡ ನಾವು ಆ ನೆನಪಿಗೂ ಉತ್ತರ ಹೇಳಬೇಕಾದವರು.

ದೂರು ಯಾರಿಗೆ?

ಸುವಾರ್ತೆಗಳಲ್ಲಿ ಎಕ್ಲೇಸಿಯ ಬರುವುದು ಮತ್ತಾಯನಲ್ಲಿ ಮಾತ್ರ, ಅದೂ ಎರಡೇ ವಚನಗಳಲ್ಲಿ. 16:18 ನಮ್ಮ ಗೋಡೆಗಳ ಮೇಲೆಲ್ಲ ಬರೆದಿದೆ. 18:17 ಎಲ್ಲಿಯೂ ಬರೆದಿಲ್ಲ. ತಪ್ಪುಮಾಡಿದ ಸಹೋದರನೊಂದಿಗೆ ಮೊದಲು ಒಬ್ಬನೇ ಹೋಗಿ ಮಾತಾಡುವುದು, ಅನಂತರ ಒಬ್ಬಿಬ್ಬರನ್ನು ಕರೆದುಕೊಂಡು ಹೋಗುವುದು, ಆಗಲೂ ಕೇಳದಿದ್ದರೆ ಎಕ್ಲೇಸಿಯಕ್ಕೆ ತಿಳಿಸುವುದು. ಈ ಅಧ್ಯಾಯದ ಹಿನ್ನೆಲೆಯೇನು? ಚಿಕ್ಕವರಲ್ಲಿ ಒಬ್ಬನನ್ನೂ ಎಡವಿಸಬೇಡಿ, ತಾತ್ಸಾರಮಾಡಬೇಡಿ ಎಂಬ ಎಚ್ಚರಿಕೆ. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕುವ ಕುರುಬ. ಅಂಥ ಮಾತುಗಳ ನಡುವೆ ಎಕ್ಲೇಸಿಯ ನಿಂತಿರುವುದು ನೊಂದವನ ಮಾತನ್ನು ಕೇಳುವ ಕೊನೆಯ ಆಶ್ರಯವಾಗಿ.

ಈಗ ಆ ಜಾಗದಲ್ಲಿ ‘ಚರ್ಚ್’ ಎಂಬ ಪದವನ್ನಿಟ್ಟು ನೋಡೋಣ. ದೂರನ್ನು ಒಯ್ಯಬೇಕಾದದ್ದು ಯಾವ ಚರ್ಚಿಗೆ? ಕಚೇರಿಗೆಯೇ, ಸಮಿತಿಗೆಯೇ, ಸಭಾಪಾಲಕರಿಗೆಯೇ? ದೂರು ಸಮಿತಿಯ ಮೇಲೆಯೇ ಇದ್ದರೆ? ಒಂದು ಊರಿನ ವಾರ್ಷಿಕ ಕೂಟದಲ್ಲಿ ನಾವು ಕಂಡದ್ದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. ಬಡವರಿಗಾಗಿ ಎತ್ತಿದ ಕಾಣಿಕೆಯ ಲೆಕ್ಕವನ್ನು ವಯಸ್ಸಾದ ಸದಸ್ಯೆಯೊಬ್ಬರು ಕೇಳಿದರು. ಮೇಜಿನ ಹಿಂದಿದ್ದವರಿಂದ ಬಂದ ಉತ್ತರ: ‘ಅಮ್ಮಾ, ಚರ್ಚಿನ ವಿರುದ್ಧ ಮಾತಾಡಬೇಡಿ.’ ಆಕೆ ಕೂತುಕೊಂಡರು. ಅದೇ ಸಭೆಯಲ್ಲಿ ದೀಕ್ಷಾಸ್ನಾನ ಹೊಂದಿ, ಅಲ್ಲಿಯೇ ಮದುವೆಯಾಗಿ, ಗಂಡನನ್ನು ಅದರ ಸ್ಮಶಾನದಲ್ಲಿಯೇ ಮಣ್ಣುಮಾಡಿದವರು ಆಕೆ. ಆ ಒಂದು ವಾಕ್ಯ ಆಕೆಯನ್ನು ಚರ್ಚಿನಿಂದ ಹೊರಗಿಟ್ಟು, ಲೆಕ್ಕ ಕೊಡಬೇಕಾದವರನ್ನು ಚರ್ಚ್ ಮಾಡಿತು. ಹೇಳಿದವರು ಕೆಟ್ಟವರೆಂದು ನಾವು ಭಾವಿಸುವುದಿಲ್ಲ. ಪದವೇ ಅವರಿಗೆ ಆ ಅನುಕೂಲವನ್ನು ಒದಗಿಸಿತ್ತು. ‘ಸಭೆಯ ವಿರುದ್ಧ ಮಾತಾಡಬೇಡಿ’ ಎಂದು ಹೇಳಬೇಕಾಗಿದ್ದರೆ ಬಹುಶಃ ಅವರಿಗೇ ನಾಲಗೆ ತಡೆಯುತ್ತಿತ್ತು. ಏಕೆಂದರೆ ಸಭೆ ಅವರ ಎದುರಿಗೇ ಕೂತಿತ್ತು.

ನಮ್ಮ ದೇಶದ ರಾಜಕೀಯ ವ್ಯವಸ್ಥೆ ಈ ವಿಷಯದಲ್ಲಿ ನಮಗಿಂತ ಸ್ಪಷ್ಟವಾಗಿದೆ. ಸಂವಿಧಾನದ 243ನೆಯ ಅನುಚ್ಛೇದದ ಪ್ರಕಾರ ಗ್ರಾಮಸಭೆಯೆಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ. ಪಂಚಾಯಿತಿಯೆಂದರೆ ಅವರು ಆರಿಸಿದ ಕೆಲವರು. ಪಂಚಾಯಿತಿಯೇ ಗ್ರಾಮಸಭೆಯೆಂದು ಯಾವ ಅಧ್ಯಕ್ಷರೂ ಹೇಳಿಕೊಳ್ಳಲಾರರು. ದೇವರ ಸಭೆ ಮತದಾರರ ಪಟ್ಟಿಯಲ್ಲ, ಅದರ ತಲೆ ಕ್ರಿಸ್ತನು ಎಂಬ ಆಕ್ಷೇಪವನ್ನು ನಾವು ಮನ್ನಿಸುತ್ತೇವೆ. ಆದರೆ ತಲೆ ಕ್ರಿಸ್ತನೇ ಆಗಿರುವಲ್ಲಿ ಸಮಿತಿ ತಲೆಯ ಸ್ಥಾನದಲ್ಲಿ ಕೂತುಕೊಳ್ಳಲು ಇನ್ನೂ ಕಡಿಮೆ ಅವಕಾಶವಿದೆ.

ಕೆಲವು ಸಲಹೆಗಳು

‘ಚರ್ಚ್’ ಎಂಬ ಪದವನ್ನು ಕನ್ನಡದಿಂದ ಓಡಿಸಬೇಕೆಂಬುದು ನಮ್ಮ ಸಲಹೆಯಲ್ಲ. ಜನರ ನಾಲಗೆಯಲ್ಲಿ ನೆಲೆಸಿದ ಪದವನ್ನು ಲೇಖನಗಳು ಓಡಿಸಲಾರವು; ಮೋರನ ಪಾಠ ಅದು. ‘ಚರ್ಚಿಗೆ ಹೋಗಿ ಬಂದೆ’ ಎನ್ನುವ ಅಜ್ಜಿಯನ್ನು ತಿದ್ದುವ ಅಗತ್ಯವಿಲ್ಲ. ತಿದ್ದಿಕೊಳ್ಳಬೇಕಾದವರು ನಾವು, ಅಂದರೆ ವೇದಿಕೆಯಿಂದ ಮಾತಾಡುವವರು ಮತ್ತು ದಾಖಲೆ ಬರೆಯುವವರು.

ಮೊದಲನೆಯದಾಗಿ, ನಡವಳಿ ಪುಸ್ತಕದಲ್ಲಿ ‘ಚರ್ಚ್ ತೀರ್ಮಾನಿಸಿತು’ ಎಂದು ಬರೆಯುವುದನ್ನು ಬಿಡೋಣ. ಸಮಿತಿ ತೀರ್ಮಾನಿಸಿದ್ದರೆ ಸಮಿತಿಯೆಂದೂ, ಸಭಾಪಾಲಕರು ತೀರ್ಮಾನಿಸಿದ್ದರೆ ಸಭಾಪಾಲಕರೆಂದೂ ಬರೆಯೋಣ. ತೀರ್ಮಾನಿಸಿದವರ ಹೆಸರಿದ್ದರೆ ಪ್ರಶ್ನೆಗೆ ಉತ್ತರಿಸುವವರೂ ಇರುತ್ತಾರೆ. ಎರಡನೆಯದಾಗಿ, ಪ್ರಸಂಗಕ್ಕೆ ಇಂಗ್ಲಿಷ್ ವ್ಯಾಖ್ಯಾನಗಳನ್ನು ಓದುವಾಗ ‘ಚರ್ಚ್’ ಎಂದಿರುವಲ್ಲೆಲ್ಲ ನಿಂತು, ಇದು ಮನೆಯೋ ಜನರೋ ಸಂಸ್ಥೆಯೋ ಯಾಜಕರೋ ಎಂದು ಕೇಳಿಕೊಳ್ಳೋಣ. ‘ಚರ್ಚಿಗೆ ಸೇರಿದನು’ ಎಂದರೆ ಇಂಗ್ಲಿಷಿನಲ್ಲಿ ಪಾದ್ರಿಯಾದನು ಎಂಬ ಅರ್ಥವೂ ಬರಬಹುದೆಂಬುದನ್ನು ಮರೆತು ಅನುವಾದಿಸಿದರೆ ದೀಕ್ಷಾಸ್ನಾನವೂ ಯಾಜಕಾಭಿಷೇಕವೂ ಕಲಸಿಹೋಗುತ್ತವೆ. ಮೂರನೆಯದಾಗಿ, ‘ಸಭೆ’ ಎಂಬ ಪದವೂ ಇತ್ತೀಚೆಗೆ ಬರಿಯ ಮೀಟಿಂಗ್ ಎಂಬ ಅರ್ಥಕ್ಕೆ ಕುಗ್ಗುತ್ತಿರುವುದನ್ನು ಗಮನಿಸೋಣ. ‘ಸಭೆಯ ಸಭೆ ಇದೆ’ ಎಂಬ ಪ್ರಕಟಣೆ ನಗು ತರಿಸಿದರೂ ಎಚ್ಚರಿಕೆಯ ಗಂಟೆಯೂ ಹೌದು.

‘ದೇವಾಲಯ’ಕ್ಕೂ ಇದೇ ಎಚ್ಚರ ಬೇಕು. ಅಪೊಸ್ತಲರ ಕೃತ್ಯಗಳ 7ನೆಯ ಅಧ್ಯಾಯದಲ್ಲಿ ಸ್ತೆಫನನು ಅರಣ್ಯದಲ್ಲಿ ಗೋಡೆಯೂ ಮಾಡೂ ಇಲ್ಲದೆ ಇದ್ದ ಎಕ್ಲೇಸಿಯವನ್ನು ನೆನಪಿಸಿದನು. ಹತ್ತು ವಚನಗಳಾದ ಮೇಲೆ, ಪರಾತ್ಪರನು ಕೈಯಿಂದ ಕಟ್ಟಿದ ಮನೆಗಳಲ್ಲಿ ವಾಸಿಸುವವನಲ್ಲವೆಂದು ನುಡಿದನು. ಆ ಮಾತಿಗಾಗಿ ಅವನನ್ನು ಕಲ್ಲೆಸೆದು ಕೊಂದವರು ದೇವಾಲಯದ ಗೌರವವನ್ನು ಕಾಪಾಡುತ್ತಿದ್ದೇವೆಂದೇ ನಂಬಿದ್ದರು. ಅಕ್ವಿಲ ಪ್ರಿಸ್ಕಿಲ್ಲರ ಮನೆಯಲ್ಲಿಯೂ, ನುಂಫಳ ಮನೆಯಲ್ಲಿಯೂ, ಫಿಲೆಮೋನನ ಮನೆಯಲ್ಲಿಯೂ ಸಭೆಯಿತ್ತು. ಮನೆಯೊಳಗೆ ಇರಬಲ್ಲದ್ದು ಕಟ್ಟಡವಲ್ಲ.

ಮುಂದಿನ ಭಾನುವಾರ ಪ್ರಕಟಣೆಗಳನ್ನು ಬರೆದುಕೊಳ್ಳುವಾಗ ಒಂದು ಸಣ್ಣ ಅಭ್ಯಾಸವನ್ನು ಮಾಡಿ ನೋಡಬಹುದು. ದೇವಾಲಯಕ್ಕೆ ಬಣ್ಣ ಬಳಿಯಲಾಗುವುದು. ಆರಾಧನೆ ಮುಗಿದ ಮೇಲೆ ಸ್ತ್ರೀಯರ ಕೂಟವಿದೆ. ಸಮಿತಿಯು ಹೀಗೆ ತೀರ್ಮಾನಿಸಿದೆ, ಸಭೆಯು ಅದನ್ನು ಪರಿಶೀಲಿಸಬಹುದು. ಈ ಕೊನೆಯ ವಾಕ್ಯವನ್ನು ಓದಲು ಸ್ವಲ್ಪ ಧೈರ್ಯ ಬೇಕಾಗುತ್ತದೆ. ಓದಿ ಮುಗಿಸಿದ ಮೇಲೆ ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು ಲೆಕ್ಕ ಕೇಳಿದರೆ, ಸಭೆ ಮಾತಾಡಿತೆಂದು ತಿಳಿದು ಕಿವಿಗೊಡುವುದು ನಮ್ಮ ಕರ್ತವ್ಯ.